ಕೋಡಿ ಹರಿದ ಬೆಳಕು

1949ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಗೆಸ್ಟ್ ಮತ್ತು ಮಾರ್ಟಿನ್ ಕಾಮೆನ್ ಎಂಬ ವಿಜ್ಞಾನಿಗಳು, ರೋಡೋಸ್ಪಿರಿಲಮ್ ರೂಬ್ರಮ್ ಎಂಬ ಕೆಂಬಣ್ಣದ ಬ್ಯಾಕ್ಟೀರಿಯವನ್ನು ಗಾಳಿ ಸೋಕದಂತೆ ಬೆಳಕಿನಲ್ಲಿರಿಸಿ ಪರೀಕ್ಷಿಸುತ್ತಿದ್ದಾಗ, ಅಮೋನಿಯಕ್ಕೆ ಬದಲಾಗಿ ಗ್ಲುಟಮೇಟನ್ನು ಉಂಡು ಬೆಳೆದ ಜೀವಾಣುಗಳಿಂದ ಜಲಜನಕ ಹೊಮ್ಮುವುದನ್ನು ಕಂಡರು. ಸಾರಜನಕ ವಾಯುವಿನ ಸನ್ನಿಧಿಯಲ್ಲಿ ಆ ಹೊಮ್ಮುವಿಕೆ ಅಡಗಿಹೋದ ಕಾರಣವನ್ನು ಅರಸುತ್ತ ಹೋಗಿ, ಈ ಜೀವಾಣುವು ಸಾರಜನಕವನ್ನು ಸ್ಥಿರೀಕರಿಸಬಲ್ಲುದೆಂಬ ಇನ್ನೊಂದು ಸತ್ಯವನ್ನೂ ಕಂಡುಕೊಂಡರು. ಜೈವಿಕ ಇಂಧನದ ಪ್ರತಿಪಾದಕರು ಮೊದಲನೆಯ ಸಂಗತಿಯನ್ನೇ ಹೆಚ್ಚಾಗಿ ಕೊಂಡಾಡುವರು. ಆದರೆ ಈ ಪ್ರಯೋಗದ ಬೆಲೆಯನ್ನು ಕಟ್ಟಬೇಕಾದವನು ಎರಡನೆಯದರಿಂದಲೇ ಆರಂಭಿಸಬೇಕೆಂಬುದು ನನ್ನ ನಂಬಿಕೆ.

ಏಕೆಂದರೆ ಇಲ್ಲಿ ಜಲಜನಕವನ್ನು ಹೊಮ್ಮಿಸುವುದು ನೈಟ್ರೊಜಿನೇಸ್ ಎಂಬ ಕಿಣ್ವ. ಅದರ ಸಹಜಧರ್ಮವಾದರೋ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸುವುದು. ಆಹಾರವೂ ಬೆಳಕೂ ಯಥೇಷ್ಟವಾಗಿದ್ದು, ಮೈ ಬೆಳೆಸಲು ಬೇಕಾದ ಸಾರಜನಕವೊಂದೇ ಸಾಲದೆ ಬಂದಾಗ, ಆ ಕಿಣ್ವವು ಎಲೆಕ್ಟ್ರಾನುಗಳನ್ನು ಪ್ರೋಟಾನುಗಳಿಗೆ ಒಪ್ಪಿಸಿ ಜಲಜನಕವನ್ನು ಹೊರಬಿಡುತ್ತದೆ. ತುಂಬಿದ ಕೆರೆಗೆ ಕೋಡಿ ಹೇಗೋ, ಜೀವಾಣುವಿಗೆ ಈ ವಾಯು ಹಾಗೆ.

ಆ ಕೋಡಿಯ ಗುಣಗಳು ಸಾಮಾನ್ಯವಲ್ಲ. ಈ ಜೀವಾಣುಗಳು ನೀರನ್ನು ಒಡೆಯುವುದಿಲ್ಲವಾದ್ದರಿಂದ ಆಮ್ಲಜನಕವು ಹುಟ್ಟುವುದಿಲ್ಲ. ನೀರನ್ನು ಒಡೆದು ಜಲಜನಕ ಪಡೆಯಲೆಳಸುವ ಪಾಚಿಗಳ ಮಾರ್ಗದಲ್ಲಿ ಕಿಣ್ವವನ್ನು ಕೆಡಿಸುವ ಆ ಮಹಾವಿಘ್ನವು ಇಲ್ಲಿ ತಾನಾಗಿಯೇ ಪರಿಹಾರವಾಗಿದೆ. ಹಸಿರು ಗಿಡಗಳು ಬಳಸದ ಅವರಕ್ತ ಕಿರಣಗಳನ್ನೂ ಅವು ಹೀರುತ್ತವೆ. ಇನ್ನು ಆಹಾರದಲ್ಲಿ ಅವಕ್ಕೆ ಹುಳಿಯೇ ಇಷ್ಟ: ಕತ್ತಲೆಯಲ್ಲಿ ಹುದುಗುವ ಇತರ ಬ್ಯಾಕ್ಟೀರಿಯಗಳು ಗ್ಲೂಕೋಸಿನ ಒಂದು ಅಣುವಿನಿಂದ ಹೆಚ್ಚೆಂದರೆ ನಾಲ್ಕು ಅಣು ಜಲಜನಕವನ್ನು ಪಡೆದು, ಎರಡು ಅಣು ಅಸಿಟಿಕ್ ಆಮ್ಲವನ್ನು ಉಳಿಸಿಬಿಡುವಲ್ಲಿ, ಇವು ಆ ಉಚ್ಛಿಷ್ಟವನ್ನೇ ಉಂಡು, ಶಾಸ್ತ್ರದ ಲೆಕ್ಕದಲ್ಲಿ, ಇನ್ನೆಂಟು ಅಣುಗಳನ್ನು ಕೊಡಬಲ್ಲವು. ಕತ್ತಲೆ ಬೆಳಕುಗಳ ಈ ದಾಂಪತ್ಯವನ್ನೇ ಆಧರಿಸಿ ಯೂರೋಪಿನಲ್ಲಿ 2006ರಿಂದ ಹೈವೊಲ್ಯೂಷನ್ ಎಂಬ ಯೋಜನೆ ನಡೆಯಿತು.

ಆದರೆ ಗುಣಕ್ಕೆ ಮಾರುಹೋದ ಕಣ್ಣು ಲೆಕ್ಕವನ್ನೂ ನೋಡಬೇಕು. ಒಂದು ಚದರ ಮೀಟರಿನ ಮೇಲೆ ಬಿಸಿಲುಳ್ಳ ದಿನದಲ್ಲಿ ಸುಮಾರು 20 ಮೆಗಾಜೌಲ್ ಶಕ್ತಿ ಬೀಳುವುದೆಂದೂ, ಅದರಲ್ಲಿ ನೂರಕ್ಕೆ ಒಂದು ಪಾಲು ಜಲಜನಕವಾಗುವುದೆಂದೂ ಉದಾರವಾಗಿ ಎಣಿಸಿದರೂ, ದೊರೆಯುವುದು ಸುಮಾರು 1.7 ಗ್ರಾಂ; ದಿನಕ್ಕೊಂದು ಕಿಲೋಗ್ರಾಂ ಬೇಕೆಂದರೆ ಪಾರದರ್ಶಕವೂ ವಾಯುಬಂಧಿತವೂ ಆದ ಪಾತ್ರೆಗಳನ್ನು 600 ಚದರ ಮೀಟರಿನಷ್ಟು ಹರಡಬೇಕು. ಮೇಲ್ಪದರದ ಜೀವಾಣುಗಳು ತಮಗೆ ಅರಗದಷ್ಟು ಬೆಳಕನ್ನು ನುಂಗಿ ಶಾಖವಾಗಿ ಚೆಲ್ಲಿಬಿಡುವುದರಿಂದ ಒಳಪದರದವು ಕತ್ತಲೆಯಲ್ಲಿಯೇ ಉಳಿಯುತ್ತವೆ. ಒಂದೊಂದು ಅಣು ಜಲಜನಕಕ್ಕೂ ಜೀವಕೋಶದ ಶಕ್ತಿನಾಣ್ಯವಾದ ಎ.ಟಿ.ಪಿ.ಯ ನಾಲ್ಕು ಅಣುಗಳನ್ನು ತೆರಬೇಕು. ಹೊಮ್ಮಿದುದನ್ನು ಮರಳಿ ಹೀರುವ ಹೈಡ್ರೊಜಿನೇಸ್ ಎಂಬ ಕಿಣ್ವವೂ ಅನೇಕ ಪ್ರಭೇದಗಳಲ್ಲಿ ಉಂಟು. ತ್ಯಾಜ್ಯಜಲದಲ್ಲಿ ಅಮೋನಿಯ ಬೆರೆತಿತ್ತೆಂದರೆ ನೈಟ್ರೊಜಿನೇಸಿನ ಕೆಲಸವೇ ನಿಲ್ಲುತ್ತದೆ. ಅಮೆರಿಕದ ಕ್ಯಾರೊಲಿನ್ ಹಾರ್ವುಡ್ ಮತ್ತು ಸಂಗಡಿಗರು ಅಮೋನಿಯವಿದ್ದರೂ ಜಲಜನಕವನ್ನು ಬಿಡುವ ರೂಪಾಂತರಿತ ತಳಿಗಳನ್ನು 2007ರಲ್ಲಿ ವರ್ಣಿಸಿದುದು ಆದಕಾರಣ ಶ್ಲಾಘ್ಯವೇ ಸರಿ. ಆದರೂ ಕಿಣ್ವದ ಕಟ್ಟನ್ನು ಬಿಚ್ಚಿದ ಮಾತ್ರಕ್ಕೆ ಬಿಸಿಲಿನ ಲೆಕ್ಕ ಬದಲಾಗದು. ಅದೇ ಹುಳಿನೀರನ್ನು ಗೋಬರ್ ಅನಿಲದ ತೊಟ್ಟಿಗೆ ಸುರಿದರೆ ಬೆಳಕಿನ ಹಂಗಿಲ್ಲದೆ, ಗಾಜಿನ ವೆಚ್ಚವಿಲ್ಲದೆ ಮಿಥೇನ್ ದೊರೆಯುವುದೆಂಬ ಆಕ್ಷೇಪಕ್ಕೂ ಸುಲಭವಾದ ಉತ್ತರವಿಲ್ಲ.

ಹಾಗಾದರೆ ಈ ವಿದ್ಯೆಯನ್ನು ತೊರೆಯಬೇಕೆ? ನಾನು ಹಾಗೆನ್ನಲಾರೆ. ಇಂಧನದ ಕಾರ್ಖಾನೆಯೆಂದು ಇದನ್ನು ಹೊಗಳುವುದು ತಪ್ಪು, ಇಂಧನದ ಕಾರ್ಖಾನೆಯಾಗಲಿಲ್ಲವೆಂದು ತೆಗಳುವುದೂ ತಪ್ಪು. ಕೆರೆಯನ್ನು ಕಟ್ಟುವುದು ತೂಬಿನ ನೀರಿಗಾಗಿಯೇ ಹೊರತು ಕೋಡಿಯ ನೀರಿಗಾಗಿ ಅಲ್ಲ. ಆದರೂ ಮೇಲಣ ಕೆರೆಯ ಕೋಡಿಯನ್ನು ಕೆಳಗಣ ಕೆರೆಗೆ ತಿರುಗಿಸಿದ ವಿವೇಕ ನಮ್ಮ ಪೂರ್ವಿಕರಿಗಿತ್ತು. ಹುದುಗಿದ ನೀರಿನ ಹುಳಿಯನ್ನು ಕಳೆಯುವುದೇ ಮುಖ್ಯವಾದ ಕೆಲಸವಾಗಿ, ಅದರ ವೆಚ್ಚವನ್ನೆಲ್ಲ ವಾಯುವಿನ ತಲೆಯ ಮೇಲೆ ಹೊರಿಸದಿರುವಲ್ಲಿ, ಈ ಜಲಜನಕಕ್ಕೆ ಅದರ ನ್ಯಾಯವಾದ ಸ್ಥಾನ ದೊರೆಯುತ್ತದೆ: ಜೀವಾಣುವಿಗೆ ಮಿಗತೆಯಾದುದು ನಮಗೂ ಮಿಗತೆಯೇ ಆದಾಗ.