ತೋಟೆ ತುಂಬುವ ಯಂತ್ರ ಕೊಳ್ಳುವ ಮುನ್ನ

ಫೀನಿಕ್ಸಿನ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಪಂದ್ಯ ಮುಗಿದ ಮೇಲಿನ ಅರ್ಧ ಗಂಟೆ ನೋಡುವಂತಿರುತ್ತದೆ. ಅಲ್ಲಿಯವರೆಗೆ ಎದೆಯುಬ್ಬಿಸಿ ನಿಂತಿದ್ದವರೆಲ್ಲ ಬಗ್ಗಿ ನೆಲ ಹುಡುಕತೊಡಗುತ್ತಾರೆ, ನಮ್ಮ ಕಡೆ ಉದುರಡಿಕೆ ಹೆಕ್ಕುವ ಹಾಗೆ. ಹೆಕ್ಕುವುದು ಹಿತ್ತಾಳೆಯ ಖಾಲಿ ತೋಟೆಗಳನ್ನು. ಅವಕ್ಕೆ ಮತ್ತೆ ಕೇಪು, ಮದ್ದು, ಗುಂಡು ತುಂಬಿದರೆ ಮುಂದಿನ ಪಂದ್ಯಕ್ಕೆ ಈಡು ಸಿದ್ಧ. ಇಂಗ್ಲಿಷಿನವರ ಪ್ರೈಮರನ್ನು ನಾನು ಕೇಪು ಎಂದೇ ಬರೆಯುತ್ತೇನೆ. ಕೇಪಿನ ಕೋವಿ ನೋಡಿಕೊಂಡು ಬೆಳೆದ ಮಲೆನಾಡಿನವನಿಗೆ ಬೇರೆ ಪದ ಬಾಯಿಗೆ ಬರುವುದಿಲ್ಲ.

ಈಚೆಗೆ ಇಲ್ಲಿ ಈ ಗೀಳು ಹತ್ತಿಸಿಕೊಂಡ ದಾವಣಗೆರೆ ಮೂಲದ ಗೆಳೆಯರೊಬ್ಬರು ಫೋನು ಮಾಡಿದ್ದರು. ಪ್ರೋಗ್ರೆಸಿವ್ ಪ್ರೆಸ್ ಕೊಳ್ಳಬೇಕಂತೆ. ನಾಲ್ಕು ಕಂಪನಿಯ ಕ್ಯಾಟಲಾಗು ಬಾಯಿಪಾಠ ಮಾಡಿದ್ದಾರೆ. "ಸರ, ತಾಸಿಗೆ ಎಷ್ಟು ತೋಟೆ ಬೀಳ್ತಾವ ಅಷ್ಟು ಹೇಳಿಬಿಡ್ರಿ, ಸಾಕು" ಎಂದರು. ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಕೇಳಿ ಸ್ವಾಮಿ ಎಂದೆ. ಸರಾಗ ನಡೆಯುವಾಗ ಎಲ್ಲ ಪ್ರೆಸ್ಸೂ ಚೆನ್ನ. ನಡುವೆ ಸಿಕ್ಕಿಹಾಕಿಕೊಂಡು ನಿಂತಾಗ ಅದು ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಿ ಕೊಳ್ಳಬೇಕು.

ಮೊದಲು ಯಂತ್ರದ ವಿಷಯ. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ನೂರು ತೋಟೆಯ ಹಳೆ ಕೇಪು ತೆಗೆದು ಅಳತೆಗೆ ತರುವುದು, ಆಮೇಲೆ ಅದೇ ನೂರರ ಬಾಯಿ ಅಗಲಿಸುವುದು, ಮತ್ತೆ ಅದೇ ನೂರಕ್ಕೆ ಗುಂಡು ಕೂರಿಸುವುದು. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಈ ಕೆಲಸಗಳೆಲ್ಲ ಒಂದು ದುಂಡು ತಟ್ಟೆಯ ಸುತ್ತ ಮನೆ ಮಾಡಿಕೊಂಡಿರುತ್ತವೆ. ಚೌಕಾಬಾರದ ಕಾಯಿಯಂತೆ ತೋಟೆ ಮನೆಯಿಂದ ಮನೆಗೆ ನಡೆಯುತ್ತದೆ. ಅಜ್ಜಿ ಶಾವಿಗೆ ಒರಳಿನ ಹಿಡಿಕೆ ಒತ್ತುತ್ತಿದ್ದಳಲ್ಲ, ಹಾಗೆ ಒಮ್ಮೆ ಒತ್ತಿದರೆ ಎಲ್ಲ ಮನೆಯ ಕೆಲಸವೂ ಒಟ್ಟಿಗೆ ಆಗಿ, ಕೊನೆಯ ಮನೆಯಿಂದ ತುಂಬಿದ ತೋಟೆಯೊಂದು ಡಬ್ಬಿಗೆ ಬೀಳುತ್ತದೆ.

ಈ ಹವ್ಯಾಸ ಸಾಧ್ಯವಾಗಿರುವುದೇ ಒಂದು ತೂತಿನ ದೆಸೆಯಿಂದ. 1860ರ ದಶಕದಲ್ಲಿ ಕೇಪು ಕೂರಿಸುವ ಎರಡು ವಿಧಾನ ಬಂದವು. ಅಮೆರಿಕದ ಬರ್ಡನ್ ಮಾಡಿದ ತೋಟೆಯ ತಳದಲ್ಲಿ ಪಕ್ಕಕ್ಕೆ ಸರಿದ ಎರಡು ಸಣ್ಣ ತೂತು; ಇಂಗ್ಲೆಂಡಿನ ಬಾಕ್ಸರ್ ಮಾಡಿದ್ದರಲ್ಲಿ ನಟ್ಟನಡುವೆ ಒಂದೇ ತೂತು. ನಡುವಿನ ತೂತಿಗಾದರೆ ಮೊಳೆಯಂಥ ಕಡ್ಡಿ ತೂರಿಸಿ ಹಳೆ ಕೇಪನ್ನು ಹೊರತಳ್ಳಬಹುದು. ತಮಾಷೆಯೆಂದರೆ ಅಮೆರಿಕ ಇಂಗ್ಲೆಂಡಿನವನದನ್ನು ಹಿಡಿಯಿತು, ಯುರೋಪಿನ ಬಹುಭಾಗ ಅಮೆರಿಕದವನದನ್ನು. ಮನೆಮನೆಯ ಗರಾಜಿನಲ್ಲಿ ತೋಟೆ ತುಂಬುವ ಚಾಳಿ ಅಮೆರಿಕದಲ್ಲಿ ಇಷ್ಟು ಬೆಳೆಯಲು ಇದೂ ಒಂದು ಕಾರಣ.

ಪಿಸ್ತೂಲಿನವರಿಗೆ ಈ ಗೋಜು ಯಾಕೆ? ನಾನು ಆಡುವ ಯುಎಸ್‌ಪಿಎಸ್‌ಎ ಪಂದ್ಯದಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಉತ್ತರ ಕನಿಷ್ಠ 125 ಬರಬೇಕು. ಸೆಕೆಂಡಿಗೆ 1050 ಅಡಿ ಹೋಗುವ 124 ಗ್ರೇನಿನ ಗುಂಡಿಗೆ 130 ಬರುತ್ತದೆ. ಅಂಗಡಿಯ 9 ಎಂಎಂ ತೋಟೆ ಬಹುಮಟ್ಟಿಗೆ ಇದಕ್ಕಿಂತ ಮೇಲೆಯೇ ಇರುತ್ತದೆ. ಒದೆತವೂ ಅಷ್ಟೇ ಹೆಚ್ಚು. ನಿಯಮದ ಅಂಚಿಗೆ ತುಸು ಮೇಲೆ ನಿಲ್ಲುವ ಮೆತ್ತನೆಯ ತೋಟೆ ಬೇಕೆಂದರೆ ತಾನೇ ತುಂಬಿಕೊಳ್ಳಬೇಕು.

ಸ್ವಂತ ಕಥೆಯೊಂದಿದೆ. ನನ್ನ ಮೊದಲ ಪ್ರೆಸ್ಸಿಗೆ ಐದು ಮನೆ, ತಟ್ಟೆ ತಾನೇ ತಿರುಗುತ್ತಿತ್ತು. ಒಂದು ರಾತ್ರಿ ಹಿಡಿಕೆ ಅರ್ಧದಲ್ಲಿ ನಿಂತಿತು. ನೆಲದಿಂದ ಹೆಕ್ಕಿದ ರಾಶಿಯಲ್ಲಿ .380ರ ತೋಟೆಯೊಂದು ಸೇರಿಕೊಂಡಿತ್ತು. ಅದು 17 ಎಂಎಂ ಉದ್ದ, ನನ್ನದು 19, ಕಣ್ಣಿಗೆ ಅಣ್ಣತಮ್ಮಂದಿರು. ಹಿಡಿಕೆ ಹಿಂದೆ ಮುಂದೆ ಆಡಿಸಿದೆ, ತಟ್ಟೆಯನ್ನು ಕೈಯಲ್ಲೇ ತಿರುಗಿಸಿದೆ, ಕೆಲಸ ಮುಂದುವರಿಸಿದೆ. ಆ ಗಡಿಬಿಡಿಯಲ್ಲಿ ಒಂದು ತೋಟೆ ಮದ್ದಿಲ್ಲದೆ ಮುಂದಿನ ಮನೆಗೆ ಹೋಗಿತ್ತು. ಪಂದ್ಯದ ದಿನ ಅದು 'ಟಪ್' ಎಂದಿತಷ್ಟೆ. ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಕೂತಿತ್ತು. ನಾನು ಅವಸರದಲ್ಲಿ ಸ್ಲೈಡ್ ಎಳೆದು ಮುಂದಿನದನ್ನು ಹೊಡೆಯುವವನಿದ್ದೆ. ರೇಂಜ್ ಆಫೀಸರ್ 'ಸ್ಟಾಪ್' ಎಂದು ಕಿರುಚಿದ. ಅವನ ಕಿವಿ ಚುರುಕಾಗಿರದಿದ್ದರೆ ಪಿಸ್ತೂಲಂತೂ ಹೋಗುತ್ತಿತ್ತು, ಬೆರಳುಗಳ ಮಾತು ಬೇಡ. ತಪ್ಪು ಯಂತ್ರದ್ದಲ್ಲ, ನನ್ನದೇ. ಆದರೆ ನನ್ನಂಥವನಿಗೆ ಆ ಯಂತ್ರ ತಕ್ಕದ್ದಾಗಿರಲಿಲ್ಲ.

ಈಗ ನನ್ನ ಬೆಂಚಿನ ಮೇಲಿರುವುದು ನೀಲಿ ಬಣ್ಣದ ಡಿಲನ್ 550. ಮೈಕ್ ಡಿಲನ್ ವಿಮಾನದ ಪೈಲಟ್ ಆಗಿದ್ದವರು. ಅವರ ಕಂಪನಿ ಇರುವುದು ನನ್ನ ಮನೆಯಿಂದ ದೂರವಲ್ಲದ ಸ್ಕಾಟ್ಸ್‌ಡೇಲಿನಲ್ಲಿ. ಇದನ್ನು ಊರಿನ ಅಭಿಮಾನ ಎಂದರೂ ಅಡ್ಡಿಯಿಲ್ಲ. 550ಕ್ಕೆ ನಾಲ್ಕೇ ಮನೆ, ತಟ್ಟೆಯನ್ನು ಬೆರಳಿನಿಂದ ನಾವೇ ತಿರುಗಿಸಬೇಕು. ಏನಾದರೂ ಸಿಕ್ಕಿಕೊಂಡರೆ ಪುಟ್ಟ ಹಿತ್ತಾಳೆಯ ಗುಂಡಿ ಎತ್ತಿ ಆ ಒಂದು ತೋಟೆಯನ್ನು ಮಾತ್ರ ಹೊರತೆಗೆಯಬಹುದು, ಉಳಿದ ಮೂರು ಇದ್ದಲ್ಲೇ ಇರುತ್ತವೆ. ಇದರ ದೋಷವನ್ನೂ ಹೇಳಬೇಕು. ತಿರುಗಿಸಲು ಮರೆತು ಹಿಡಿಕೆಯನ್ನು ಎರಡು ಸಲ ಎಳೆದರೆ ಒಂದೇ ತೋಟೆಗೆ ಎರಡು ಪಾಲು ಮದ್ದು ಬೀಳುತ್ತದೆ. ಮದ್ದಿಲ್ಲದ ತೋಟೆಗಿಂತ ಅದು ಘೋರ. ಅದಕ್ಕೇ ನಾನು ತೋಟೆಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುವ ಮದ್ದನ್ನೇ ಆರಿಸುವುದು. ಎರಡನೆಯ ಪಾಲು ಬಿದ್ದರೆ ತುಳುಕಿ ತಾನೇ ಹೇಳಿಕೊಳ್ಳುತ್ತದೆ. ಪ್ರೆಸ್ಸಿನ ಮೇಲೊಂದು ದೀಪ ಕಟ್ಟಿದ್ದೇನೆ. ಪ್ರತಿ ತೋಟೆಯೊಳಗೂ ಇಣುಕದೆ ಗುಂಡು ಇಡುವುದಿಲ್ಲ.

ಇದೇ ಕಂಪನಿಯ ಐದು ಮನೆಯ ಯಂತ್ರದ ಕಥೆ ಸ್ವಾರಸ್ಯವಾಗಿದೆ. ಹಿಂದಿನ 650ರಲ್ಲಿ ಕೇಪುಗಳು ಒಂದು ಬಿಲ್ಲೆಯ ಮೇಲೆ ಕೂತು ಸುತ್ತುತ್ತಿದ್ದವು. ತೋಟೆ ಇರಲಿ ಬಿಡಲಿ, ಹಿಡಿಕೆ ಎಳೆದಾಗಲೆಲ್ಲ ಬಿಲ್ಲೆ ಒಂದು ಹೆಜ್ಜೆ ಮುಂದೆ. ಬಳಸದ ಕೇಪು ಹೊರಬೀಳುತ್ತಿತ್ತು. 2019ರಲ್ಲಿ ಅದರ ಜಾಗಕ್ಕೆ 750 ಬಂತು. ಅದರ ಕೇಪಿನ ವ್ಯವಸ್ಥೆ ಹಳೆಯ 550ರ ಜಾರುಪಟ್ಟಿಯ ಮಾದರಿಗೇ ಮರಳಿತ್ತು. ಎಂಜಿನಿಯರುಗಳು ಹೀಗೆ ಹಿಂದಕ್ಕೆ ನಡೆದಾಗ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. 750ರ ಐದನೆಯ ಮನೆಯಿಂದಾಗಿ ಮದ್ದಿನ ಮಟ್ಟ ಅಳೆದು ಕೂಗುವ ಸಾಧನಕ್ಕೆ ಜಾಗ ಸಿಗುತ್ತದೆ. 750 ಕೊಂಡು ಆ ಸಾಧನವನ್ನು ಬಿಟ್ಟವರನ್ನು ಕಂಡರೆ, ಕಾರು ಕೊಂಡು ಸೀಟುಬೆಲ್ಟು ಕತ್ತರಿಸಿದವರನ್ನು ಕಂಡಂತಾಗುತ್ತದೆ.

ನೆಬ್ರಾಸ್ಕದ ಹಾರ್ನಡಿಯವರ ಕೆಂಪು ಲಾಕ್-ಎನ್-ಲೋಡ್ ನನ್ನ ಎರಡನೆಯ ಆಯ್ಕೆ. ಅದರ ತಟ್ಟೆ ಹಿಡಿಕೆ ಇಳಿವಾಗ ಅರ್ಧ, ಏರುವಾಗ ಅರ್ಧ ತಿರುಗುವುದರಿಂದ ಕುಲುಕು ಕಡಿಮೆ, ಮದ್ದು ಚೆಲ್ಲುವುದಿಲ್ಲ. ತೋಟೆಗಳನ್ನು ಸುತ್ತುಹಾಕಿ ಹಿಡಿದಿರುವುದು ಒಂದು ಸ್ಪ್ರಿಂಗ್. ಯಾವ ಮನೆಯ ತೋಟೆಯನ್ನಾದರೂ ಚಿವುಟಿ ತೆಗೆಯಬಹುದು. ನಾನು ಹೇಳುವ ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ. ಆ ಸ್ಪ್ರಿಂಗ್ ಮಾತ್ರ ಎರಡು ಹೆಚ್ಚಿಗೆ ತೆಗೆದಿಟ್ಟುಕೊಂಡಿರಿ. ವಿಸ್ಕಾನ್ಸಿನ್ನಿನ ಲೀ ಕಂಪನಿಯವು ಅಗ್ಗ. ಬಿಚ್ಚಿ ಜೋಡಿಸುವುದರಲ್ಲೇ ಖುಷಿ ಪಡುವವರಿಗೆ ಹಬ್ಬ, ಉಳಿದವರಿಗೆ ತಲೆನೋವು. ಡಿಲನ್ 1100ರ ಎಂಟು ಮನೆ ವರ್ಷಕ್ಕೆ ಹತ್ತಾರು ಸಾವಿರ ಈಡು ಹೊಡೆಯುವವರಿಗೆ. ನಮ್ಮ ಗೆಳೆಯರು ಅದರ ಚಿತ್ರ ನೋಡಿ ಸಂತೋಷಪಟ್ಟರೆ ಸಾಕು.

.45 ತುಂಬುವವರಿಗೆ ಒಂದು ಮಾತು. ಆ ಅಳತೆಯ ತೋಟೆಗಳಲ್ಲಿ ದೊಡ್ಡ ಕೇಪಿನವೂ ಸಣ್ಣ ಕೇಪಿನವೂ ಬೆರೆತು ಬರುತ್ತವೆ. ಸಣ್ಣ ಕುಳಿಗೆ ದೊಡ್ಡ ಕೇಪು ಹೋಗುತ್ತಿಲ್ಲವೆಂದು ಹಿಡಿಕೆಯ ಮೇಲೆ ಮೈಭಾರ ಹಾಕಿದರೆ ಕೇಪು ಅಲ್ಲೇ ಸಿಡಿಯಬಹುದು. ಕನ್ನಡಕ ಹಾಕಿಕೊಳ್ಳಿ. ಸುಟ್ಟ ಕೇಪಿನ ಪುಡಿಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಪ್ರೆಸ್ಸು ಅಡುಗೆಮನೆಯ ಹತ್ತಿರವೂ ಬೇಡ, ಮಕ್ಕಳು ಆಡುವಲ್ಲೂ ಬೇಡ. ಮದ್ದಿನ ಅಳತೆಯನ್ನು ಮದ್ದಿನ ಕಂಪನಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಪಕ್ಕದ ಬೆಂಚಿನವನ ಬಾಯಿಂದಲ್ಲ.

ದಾವಣಗೆರೆಯವರಿಗೆ ಕೊನೆಗೆ ಹೇಳಿದ್ದು ಇಷ್ಟು: ತಿಂಗಳಿಗೆ ನಾಲ್ಕೈದು ನೂರು ಈಡಿನ ನಿಮಗೆ 550 ಧಾರಾಳ. ಕಂಪನಿಯ ಲೆಕ್ಕದಲ್ಲಿ ತಾಸಿಗೆ ಐನೂರರ ಆಸುಪಾಸು, ನನ್ನ ಕೈಯಲ್ಲಿ ಮುನ್ನೂರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಮುನ್ನೂರೇನ್ರೀ?" ಎಂದರು. ಹೌದು, ಮುನ್ನೂರೇ.

ಅಮೆರಿಕದಲ್ಲಿರುವ ಕನ್ನಡದ ಶೂಟರುಗಳಿಗೆ ಇನ್ನೊಂದು ವಿನಂತಿ. ಇಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಊರಿನಲ್ಲಿ ಹಾಗಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ರೇಂಜಿಗೆ ಒಯ್ಯುವ ಚೀಲವನ್ನು ಬೆಂಗಳೂರಿನ ವಿಮಾನಕ್ಕೆ ಒಯ್ಯಬೇಡಿ. ಮೂಲೆಯಲ್ಲಿ ಮರೆತುಳಿದ ಒಂದು ತೋಟೆ ಸಾಕು, ಮದುವೆಗೆಂದು ಹೊರಟವರು ಪೊಲೀಸ್ ಠಾಣೆಯಲ್ಲಿ ಕೂರಬೇಕಾಗುತ್ತದೆ.