ಕೊಚ್ಚಿಗೆ ನೀರಿನ ದಾರಿ

ಕೊಚ್ಚಿಗೆ ಹೋಗುವ ನಮ್ಮವರ ವರಸೆ ಗೊತ್ತಿರುವುದೇ. ಮುನ್ನಾರ್ ಇಳಿದು ಬಂದ ಟಿಟಿ ಸಂಜೆ ಹೊತ್ತಿಗೆ ಫೋರ್ಟ್ ಕೊಚ್ಚಿಯಲ್ಲಿ ನಿಲ್ಲುತ್ತದೆ. ಚೀನೀ ಬಲೆಯ ಮುಂದೆ ಫೋಟೊ, ಸೂರ್ಯಾಸ್ತ, ಮರುದಿನ ಅಲೆಪ್ಪಿ. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೊ ಡ ಗಾಮನ ಗೋರಿಗೂ ಒಂದು ಸುತ್ತು. ಅವನ ಅವಶೇಷಗಳನ್ನು 1539ರಲ್ಲೇ ಪೋರ್ಚುಗಲ್‌ಗೆ ಒಯ್ದರು. ಖಾಲಿ ಗೋರಿಗೆ ಇಷ್ಟು ಜನ ಮುಗಿಬೀಳುವುದು ಬೇರೆಲ್ಲೂ ಇರಲಿಕ್ಕಿಲ್ಲ.

ಆದರೆ ಈ ಊರಿನ ತಲೆಬಾಗಿಲಿರುವುದು ನೀರಿನ ಕಡೆಗೆ. 1341ರ ಪೆರಿಯಾರ್ ಪ್ರವಾಹ ಹಳೆಯ ಮುಜಿರಿಸ್ ಬಂದರನ್ನು ಕೆಡಿಸಿ ಇಲ್ಲಿ ಅಳಿವೆ ತೆರೆಯಿತು ಎನ್ನುತ್ತಾರೆ. ಮೆಣಸಿನ ಬೆನ್ನು ಹತ್ತಿ ಪರದೇಶಗಳಿಂದ ಬಂದವರೆಲ್ಲ ಹಡಗಿನಿಂದಲೇ ಇಳಿದರು. ನೀವೂ ಎರ್ನಾಕುಲಂನಲ್ಲಿ ಬೋಟ್ ಹತ್ತಿ, ಮಟ್ಟಾಂಚೇರಿಯತ್ತ ಬನ್ನಿ. ಬಜಾರ್ ರಸ್ತೆಯ ಹಳೇ ಮಂಡಿಗಳ ನಡುವೆ ಒಣಶುಂಠಿಯ ಘಾಟು ಮೂಗಿಗೆ ಅಡರುವಾಗ ಆಟೋ ಕರೆಯಬೇಡಿ, ನಡೆಯಿರಿ.

ಮಟ್ಟಾಂಚೇರಿಯ ಅರಮನೆಯನ್ನು ಡಚ್ ಪ್ಯಾಲೇಸ್ ಎನ್ನುತ್ತಾರಾದರೂ ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟವರು ಪೋರ್ಚುಗೀಸರು; ಡಚ್ಚರು 1663ರಲ್ಲಿ ರಿಪೇರಿ ಮಾಡಿಸಿ ಹೆಸರು ಹೊಡೆದುಕೊಂಡರು. ರಾಜನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ. ಕಾವಿ, ಹಳದಿ, ಹಸಿರಿನ ಆ ಚಿತ್ರಗಳಲ್ಲಿ ಕಣ್ಣಿಗೆ ಬಿಡುವೇ ಇಲ್ಲ, ಎರಡು ಆಕೃತಿಗಳ ಮಧ್ಯೆ ಬೆರಳಿಡಲು ಜಾಗವಿಲ್ಲ. ಮೇಲೆ ನೋಡಿ ಸಾಕಾದಾಗ ನೆಲ ನೋಡಿ. ನಯವಾದ ಕರಿಕಲ್ಲು ಎನಿಸುವುದು ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿಲೋಳೆ ಕಲಸಿ ಮಾಡಿದ ಗಾರೆ. ನನ್ನ ಮಟ್ಟಿಗೆ ಅರಮನೆಯ ನಿಜವಾದ ಐಶ್ವರ್ಯ ಅದೇ.

ಅರಮನೆಯ ಪಕ್ಕದಲ್ಲೇ 1568ರ ಪರದೇಶಿ ಸಿನಗಾಗ್. ಅರಮನೆ ಆವರಣದ ರಾಜನ ದೇಗುಲ, ಯೆಹೂದಿಗಳ ಪ್ರಾರ್ಥನಾಮಂದಿರ ಹೀಗೆ ಮಗ್ಗುಲು ಮಗ್ಗುಲಲ್ಲಿ ನಿಂತಿವೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಾಲಡಿಗೆ ತಣ್ಣನೆಯ ನೀಲಿ ಬಿಳಿ ಚೀನೀ ಹಾಸುಬಿಲ್ಲೆ. ಎಲ್ಲವೂ ಕೈಯಿಂದ ಬರೆದವು, ಒಂದರಂತೆ ಇನ್ನೊಂದಿಲ್ಲ. ಹೊರಗೆ 1760ರ ಗಡಿಯಾರ ಗೋಪುರ: ಒಂದು ಮುಖಕ್ಕೆ ಹೀಬ್ರೂ ಅಂಕಿ, ಇನ್ನೊಂದಕ್ಕೆ ರೋಮನ್.

ಮಂಗಳೂರು, ಕುಮಟೆಯ ಕೊಂಕಣಿಗರು ಮಟ್ಟಾಂಚೇರಿಯ ಚೆರ್ಲಾಯಿಗೂ ಹೋಗಬೇಕು. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಇಲ್ಲಿಯವರೆಗೆ ಬಂದು ತಿರುಮಲ ದೇವಸ್ವಂ ದೇವಸ್ಥಾನ ಕಟ್ಟಿಕೊಂಡರು. ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್'ಗೆ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆ ನೆರವಾದವರು ಮೂವರು ಕೊಂಕಣಿ ಪಂಡಿತರು: ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. 1678ರ ಮೊದಲ ಸಂಪುಟದಲ್ಲಿ ಅವರ ಕೊಂಕಣಿ ಪ್ರಮಾಣಪತ್ರ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ.

ಚೀನೀ ಬಲೆ ಕೊನೆಗಿರಲಿ. ಬಲೆಗಿಂತ ಅದರ ಹಿಂದೆ ಹಗ್ಗದಲ್ಲಿ ತೂಗುವ ಕಲ್ಲುಗುಂಡುಗಳನ್ನು ಗಮನಿಸಿ. ಅಷ್ಟು ದೊಡ್ಡ ಚೌಕಟ್ಟನ್ನು ನಾಲ್ಕಾರು ಆಳು ಎತ್ತಲು ಸಾಧ್ಯವಾಗಿರುವುದು ಆ ಪ್ರತಿಭಾರದಿಂದ. ಹೊರಡುವ ಮುಂಚೆ ವಾರ ನೋಡಿಕೊಳ್ಳಿ. ಶುಕ್ರವಾರ ಅರಮನೆಗೆ ರಜೆ, ಶನಿವಾರ ಸಿನಗಾಗ್ ಬಾಗಿಲು ತೆಗೆಯುವುದಿಲ್ಲ.