ಪಡಸಾಲೆಯೂ ಕಟಕಟೆಯೂ

1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು ಕೂಡಿ ನಿರ್ದೇಶಿಸಿದ ‘ಮಾಯಾಮೃಗ’ವು ದೂರದರ್ಶನದ ಕನ್ನಡ ವಾಹಿನಿಯಲ್ಲಿ ಮೂಡಿಬರತೊಡಗಿದ ಮೇಲೆ ಕನ್ನಡ ಧಾರಾವಾಹಿಗೆ ಒಂದು ಸಂಪ್ರದಾಯವೆನ್ನಿಸಿಕೊಳ್ಳಬಹುದಾದ ಗಾಂಭೀರ್ಯವು ಪ್ರಾಪ್ತವಾಯಿತೆಂಬುದು ಸರ್ವವಿದಿತವಾದ ಸಂಗತಿ. ಅದರ ಬೆನ್ನಿಗೆ, 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡದಲ್ಲಿ ‘ಮನ್ವಂತರ’, ‘ಮುಕ್ತ’, ‘ಗೃಹಭಂಗ’, ‘ಮೂಡಲ ಮನೆ’ಗಳು ಬಂದುವು. 2006ರಲ್ಲಿ ಜೀ ಕನ್ನಡವೂ ಮರುವರ್ಷ ಸುವರ್ಣವೂ ಕಣಕ್ಕಿಳಿದು ಪೈಪೋಟಿಯ ಬಿಸಿ ಏರುವವರೆಗಿನ ಈ ಸುಮಾರು ಹತ್ತು ವರ್ಷಗಳ ಅವಧಿಯನ್ನು ನಮ್ಮ ನಡುವಯಸ್ಸಿನವರು ಇಂದಿಗೂ ಧಾರಾವಾಹಿಯ ಸುವರ್ಣಯುಗವೆಂದೇ ನೆನೆಯುತ್ತಾರೆ. ಆ ನೆನಪಿನಲ್ಲಿ ಸತ್ಯವೆಷ್ಟು, ಮೋಹವೆಷ್ಟು ಎಂಬುದನ್ನು ಬೆಂಗಳೂರಿನ ವಿಚಾರಸಂಕಿರಣಗಳಲ್ಲಿ ತೂಗಿ ನೋಡಿದವರುಂಟು. ಸಗರನಾಡಿನ ಈ ಮೂಲೆಯಲ್ಲಿ, ಬುದ್ಧ ಮಲಗಿದಂತೆ ತೋರುವ ಬೆಟ್ಟದ ಅಡಿಯ ಶಹಾಪುರದಲ್ಲಿ ಕುಳಿತು ತೂಗಿದರೆ ತಕ್ಕಡಿ ಬೇರೆ ಕಡೆಗೆ ವಾಲುವುದೆಂಬುದು ನನ್ನ ಅನುಮಾನ.

ಮೊದಲಿಗೆ ಒಂದು ವಿಪರ್ಯಾಸವನ್ನು ಹೇಳಬೇಕು. ಕನ್ನಡ ನಾಡಿಗೆ ದೂರದರ್ಶನವು ಬಂದದ್ದು ಬೆಂಗಳೂರಿನ ದಾರಿಯಿಂದಲ್ಲ. 1975ರ ಆಗಸ್ಟ್ 1ರಂದು ಆರಂಭವಾಗಿ ಮುಂದಿನ ಜುಲೈ ಕೊನೆಯವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದಾಗ, ಕರ್ನಾಟಕದ ಪಾಲಿಗೆ ಬಂದುವು ಕಲಬುರ್ಗಿ, ರಾಯಚೂರು, ವಿಜಾಪುರ ಸೀಮೆಯ ಹಳ್ಳಿಗಳು. ಶಹಾಪುರವೂ ಸುರಪುರವೂ ಆಗ ಕಲಬುರ್ಗಿ ಜಿಲ್ಲೆಗೆ ಸೇರಿದ್ದ ತಾಲೂಕುಗಳು. ಯಾದಗಿರಿ ಜಿಲ್ಲೆ ಹುಟ್ಟಲು ಇನ್ನೂ ಮೂರು ದಶಕಗಳಿಗೂ ಮಿಕ್ಕಿದ ಕಾಲ ಕಳೆಯಬೇಕಾಗಿತ್ತು. ತಂತಿಬಲೆಯ ದೊಡ್ಡ ತಟ್ಟೆಯಂತಹ ಗ್ರಾಹಕಗಳನ್ನು ನೆಟ್ಟು, ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗಾಗಿ ಎರಡೂವರೆ ಗಂಟೆ ಒಕ್ಕಲುತನ, ಆರೋಗ್ಯ, ಕುಟುಂಬಯೋಜನೆ ಮುಂತಾದ ವಿಷಯಗಳನ್ನು ಬಿತ್ತರಿಸಿದ ಆ ಒಂದು ವರ್ಷ ಮುಗಿದ ಮೇಲೆ, 1977ರಲ್ಲಿ ಕಲಬುರ್ಗಿಯಲ್ಲಿ ದೂರದರ್ಶನ ಕೇಂದ್ರವು ಸ್ಥಾಪಿತವಾಯಿತು. ಬೆಂಗಳೂರಿಗೆ ಆ ಭಾಗ್ಯ ಒದಗಿದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ನಮ್ಮ ಸೀಮೆಗೆ ಬಂದ ವಸ್ತುಗಳ ಪಟ್ಟಿ ಬಹು ಚಿಕ್ಕದು, ಅದರಲ್ಲಿ ಇದೊಂದು.

ಹೀಗೆ ಮೊದಲು ಬಂದ ಮಾಧ್ಯಮವು ನಮ್ಮನ್ನು ಬೋಧನೆಗೆ ಯೋಗ್ಯರಾದ ಶ್ರೋತೃಗಳೆಂದು ಎಣಿಸಿತೇ ಹೊರತು ಕಥೆಗೆ ಯೋಗ್ಯರಾದ ಪಾತ್ರಗಳೆಂದು ಎಣಿಸಲಿಲ್ಲ. ಹತ್ತಿಗೆ ಯಾವ ಔಷಧ ಹೊಡೆಯಬೇಕೆಂಬುದನ್ನು ನಮಗೆ ಹೇಳಲು ಅದಕ್ಕೆ ತಿಳಿದಿತ್ತು. ಹತ್ತಿ ಬೆಳೆಯುವವನ ಮನೆಯಲ್ಲಿ ಅತ್ತೆ-ಸೊಸೆಯರು ಏನು ಮಾತನಾಡಿಕೊಳ್ಳುತ್ತಾರೆಂಬ ಕುತೂಹಲ ಅದಕ್ಕೆ ಇರಲಿಲ್ಲ. ಈ ದೃಷ್ಟಿ ಮುಂದಿನ ದಶಕಗಳಲ್ಲಿಯೂ ಬೇರೆ ಬೇರೆ ರೂಪಗಳಲ್ಲಿ ಉಳಿಯಿತೆಂಬುದು ಈ ಲೇಖನದ ಮುಖ್ಯವಾದ ಆಕ್ಷೇಪ.

ನಡುವೆ ರಾಷ್ಟ್ರೀಯ ಜಾಲದ ಹಿಂದಿ ಧಾರಾವಾಹಿಗಳ ಕಾಲವೊಂದು ಬಂದು ಹೋಯಿತು. 1987ರ ಜನವರಿಯಲ್ಲಿ ಆರಂಭವಾದ ರಾಮಾನಂದ ಸಾಗರರ ‘ರಾಮಾಯಣ’, 1988ರ ಅಕ್ಟೋಬರಿನಿಂದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಇವುಗಳ ವಿಷಯದಲ್ಲಿ ಹೊಸದಾಗಿ ಹೇಳುವುದೇನೂ ಉಳಿದಿಲ್ಲ. ಆದರೆ ದಕ್ಷಿಣದ ಜಿಲ್ಲೆಗಳಲ್ಲಿ ಆ ಹಿಂದಿಯನ್ನು ಅರ್ಥಮಾಡಿಕೊಳ್ಳಲು ಪಡಬೇಕಾಗಿದ್ದ ಪಾಡು ನಮ್ಮಲ್ಲಿ ಅಷ್ಟಾಗಿ ಇರಲಿಲ್ಲ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, ಸಂತೆಯಲ್ಲಿ, ಕಚೇರಿಯಲ್ಲಿ, ನೆರೆಮನೆಯ ಅಂಗಳದಲ್ಲಿ ದಖನಿ ಮಾತನ್ನು ಕೇಳುತ್ತಲೇ ಬೆಳೆದವರಿಗೆ ಭೀಷ್ಮನ ಸಂಸ್ಕೃತಮಯವಾದ ಹಿಂದಿ ತುಸು ಬಿರುಸೆನಿಸಿದರೂ ಅಪರಿಚಿತವೆನಿಸಲಿಲ್ಲ. ದೊಡ್ಡಾಟದಲ್ಲಿ ಇದೇ ಭೀಮನನ್ನೂ ಕೀಚಕನನ್ನೂ ಇರುಳಿಡೀ ಕಂಡು ಬಂದವರು ಮಾಳಿಗೆಯ ಮೇಲಿನ ಆಂಟೆನಾ ಕಂಬವನ್ನು ಸರಿಪಡಿಸಿ ಕುಳಿತು, ಈ ಭೀಮ ಕುಣಿಯುವುದೇ ಇಲ್ಲವಲ್ಲ ಎಂದು ಗೊಣಗಿದ್ದುಂಟು. ಅದನ್ನು ನಾನು ಶುದ್ಧವಾದ ವಿಮರ್ಶೆಯೆಂದೇ ಗಣಿಸುತ್ತೇನೆ.

ಇದೇ ಕಾಲದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿ ಮಾತನಾಡಿದರೂ ಕನ್ನಡದ ಕೈಗಳಿಂದ, ಬಹುಪಾಲು ಕನ್ನಡದ ಮುಖಗಳಿಂದ ಆದದ್ದು. ಅದರಲ್ಲಿ ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡರೂ ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರೂ ನಟಿಸಿದರು. ಅಬ್ಬರವಿಲ್ಲದೆ, ಒಂದು ಪಡಸಾಲೆ, ಒಂದು ಬೀದಿ, ಒಂದು ಶಾಲೆ ಇಷ್ಟರಲ್ಲಿಯೇ ಲೋಕವೊಂದನ್ನು ಕಟ್ಟಬಹುದೆಂಬ ಪಾಠವನ್ನು ನಮ್ಮ ನಿರ್ದೇಶಕರು ಅಲ್ಲಿಂದ ಕಲಿತರೆಂದು ತೋರುತ್ತದೆ. ಆದರೆ ಅದು ಬಿಡಿ ಕಥೆಗಳ ಮಾಲೆಯಾಗಿದ್ದುದರಿಂದ ಪ್ರತಿಯೊಂದು ಕಥೆಗೂ ಮುಕ್ತಾಯವಿದ್ದಿತು. ದೈನಿಕ ಧಾರಾವಾಹಿ ಬಂದಾಗ ಕಳೆದುಹೋದದ್ದು ಈ ಮುಕ್ತಾಯ.

‘ಮಾಯಾಮೃಗ’ದ ವೈಶಿಷ್ಟ್ಯವೇನು? ಅದರ ಕಥಾವಸ್ತು ಅಂತಹ ಅಪೂರ್ವವಾದದ್ದೇನೂ ಅಲ್ಲ. ನೌಕರಿ, ಮದುವೆ, ಆಸ್ತಿ, ಮರ್ಯಾದೆ ಇವುಗಳ ನಡುವೆ ಸಿಕ್ಕಿ ಒದ್ದಾಡುವ ಮಧ್ಯಮವರ್ಗದ ಕುಟುಂಬಗಳು. ಹೊನ್ನಿನ ಜಿಂಕೆಯ ಬೆನ್ನು ಹತ್ತಿ ಹೋಗುವ ಮಂದಿ. ಹೊಸದಾಗಿ ಬಂದದ್ದು ಮಾತಿನ ಮರ್ಯಾದೆ. ಅಲ್ಲಿಯ ಪಾತ್ರಗಳು ಎದುರಾಳಿಯ ಮಾತನ್ನು ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದುವು. ದುಷ್ಟನಾದವನಿಗೂ ತನ್ನ ಪಕ್ಷವನ್ನು ಮಂಡಿಸುವ ಅವಕಾಶವಿರುತ್ತಿತ್ತು. ಸ್ವತಃ ಕಾನೂನು ಓದಿದವರೂ ನಾಟಕಕಾರರೂ ಆದ ಸೀತಾರಾಮರು ಈ ಗುಣವನ್ನು ಪಡಸಾಲೆಯಿಂದ ನ್ಯಾಯಾಲಯಕ್ಕೆ ಕೊಂಡೊಯ್ದು, ಮುಂದಿನ ಕೃತಿಗಳಲ್ಲಿ ಅದನ್ನೇ ತಮ್ಮ ಮುದ್ರೆಯನ್ನಾಗಿ ಮಾಡಿಕೊಂಡರು. ತಾವೇ ಕರಿಕೋಟು ತೊಟ್ಟು ವಕೀಲರಾಗಿ ನಿಂತು ಕಟಕಟೆಯಲ್ಲಿದ್ದ ಸಾಕ್ಷಿಯನ್ನು ತಗ್ಗಿದ ಧ್ವನಿಯಲ್ಲಿ, ಒಂದೊಂದೇ ಪ್ರಶ್ನೆಯಿಂದ ಸತ್ಯದ ಕಡೆಗೆ ನಡೆಸಿಕೊಂಡು ಹೋಗುವ ಆ ದೃಶ್ಯಗಳಿಗಾಗಿ ಕಾದು ಕುಳಿತ ಮನೆಗಳು ನಾಡಿನಲ್ಲಿ ಅಸಂಖ್ಯ. ಎಚ್.ಎಸ್. ವೆಂಕಟೇಶಮೂರ್ತಿಯವರಂತಹ ಕವಿಗಳು ಶೀರ್ಷಿಕೆಗೀತೆಗಳನ್ನು ಬರೆದುಕೊಟ್ಟುದರಿಂದ, ಕಾವ್ಯವೆಂಬುದನ್ನು ಪಠ್ಯಪುಸ್ತಕದ ಹೊರಗೆ ಎಂದೂ ಕಾಣದ ಹೆಣ್ಣುಮಕ್ಕಳು ಒಲೆಯ ಮುಂದೆ ಭಾವಗೀತೆಯನ್ನು ಗುನುಗುವಂತಾಯಿತು.

ಶಹಾಪುರಕ್ಕೆ ಈ ಕೋರ್ಟಿನ ದೃಶ್ಯಗಳು ರುಚಿಸಿದುದಕ್ಕೆ ಕಲಾತ್ಮಕವಲ್ಲದ ಕಾರಣವೂ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯು ಈ ಸೀಮೆಗೆ ನೀರನ್ನು ತಂದಿತು; ನೀರಿನೊಡನೆ ಭತ್ತವನ್ನೂ, ಭತ್ತದೊಡನೆ ಭೂಮಿಗೆ ಬೆಲೆಯನ್ನೂ, ಬೆಲೆಯೊಡನೆ ದಾವೆಗಳನ್ನೂ ತಂದಿತು. ಕಾಲುವೆಗೆ ಹೋದ ಹೊಲದ ಪರಿಹಾರ ಸಾಲದೆಂದು ಕೋರ್ಟಿಗೆ ಹೋದವರು, ಅಣ್ಣತಮ್ಮಂದಿರ ಪಾಲಿಗಾಗಿ ಹೋದವರು, ಪಹಣಿಯಲ್ಲಿ ಹೆಸರು ತಪ್ಪಾಯಿತೆಂದು ಹೋದವರು ಹೀಗೆ ತಾರೀಖಿನ ಚೀಟಿ ಇಲ್ಲದ ಮನೆಗಳು ಕಡಿಮೆ. ಹಗಲಿಡೀ ಕೋರ್ಟಿನ ಬೇವಿನ ಗಿಡದ ನೆರಳಲ್ಲಿ ಕುಳಿತು, “ಮುಂದಿನ ತಾರೀಖಿಗೆ ಬರ್ರಿ” ಎಂಬ ಒಂದೇ ಮಾತು ಕೇಳಿಕೊಂಡು ಮರಳಿದ ಕಕ್ಷಿದಾರನು ಮನೆಯ ಟೀವಿಯಲ್ಲಿ ಕಂಡದ್ದಾದರೂ ಯಾವ ಕೋರ್ಟನ್ನು? ವಕೀಲನು ಎಲ್ಲ ಕಡತವನ್ನೂ ಓದಿಕೊಂಡು ಬಂದಿರುವ, ಸಾಕ್ಷಿಯು ಕಡೆಗೆ ನಿಜವನ್ನೇ ನುಡಿಯುವ, ನ್ಯಾಯಾಧೀಶನು ತಾಳ್ಮೆಯಿಂದ ಆಲಿಸುವ ಕೋರ್ಟನ್ನು. ವಾಸ್ತವದಲ್ಲಿ ಎಲ್ಲಿಯೂ ಇಲ್ಲದ ಈ ನ್ಯಾಯಾಲಯವನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ರಾಮರಾಜ್ಯವನ್ನು ಕಲ್ಪಿಸಿಕೊಂಡ ಜನಾಂಗಕ್ಕೆ ಒಂದು ಆದರ್ಶ ಕೋರ್ಟನ್ನು ಕಲ್ಪಿಸಿಕೊಡುವ ಅಧಿಕಾರ ಕಲಾವಿದನಿಗಿದೆ. ಆದರೆ ಆ ಕಲ್ಪನೆಯಲ್ಲಿ ವಿಳಂಬಕ್ಕೆ ಸ್ಥಳವೇ ಇಲ್ಲದಿದ್ದುದು, ಬಡವನು ನಿಜವಾಗಿ ಸೋಲುವುದು ವಾದದಲ್ಲಲ್ಲ, ಕಾಯುವುದರಲ್ಲಿ ಎಂಬ ಸಂಗತಿ ಅದಕ್ಕೆ ಹೊಳೆಯದಿದ್ದುದು ದೊಡ್ಡ ಕೊರತೆಯೇ ಸರಿ. ಕಥೆಯನ್ನು ವರ್ಷಗಟ್ಟಲೆ ಎಳೆಯಬಲ್ಲ ಪ್ರಕಾರವೊಂದು ಮೊಕದ್ದಮೆಯ ದೀರ್ಘತೆಯನ್ನು ಮಾತ್ರ ಚಿತ್ರಿಸದೆ ಹೋದದ್ದು ವಿಚಿತ್ರವಾಗಿ ತೋರುತ್ತದೆ.

ಹಾಸ್ಯದ ಶಾಖೆಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಮನೆಮಂದಿಯೆಲ್ಲ ಕೂಡಿ ನಗುವಂತೆ ಮಾಡಿದುವು; ಸಿಹಿಕಹಿ ಚಂದ್ರು ಅವರ ಹಾಸ್ಯದ ಸಮಯಪ್ರಜ್ಞೆ ಮೆಚ್ಚತಕ್ಕದ್ದು. ಅವುಗಳ ನಗೆ ಮರುದಿನಕ್ಕೆ ಉಳಿಯುತ್ತಿರಲಿಲ್ಲ, ಉಳಿಯಬೇಕೆಂಬ ಹಟವೂ ಅವಕ್ಕೆ ಇರಲಿಲ್ಲ. ಕಥೆಯಲ್ಲದಿದ್ದರೂ ಇಲ್ಲಿ ನೆನೆಯಬೇಕಾದುದು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’. ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಆ ಕಾರ್ಯಕ್ರಮವು ಊರಿನ ಶಾಲಾಮಕ್ಕಳ ಮೇಲೆ ಮಾಡಿದ ಪರಿಣಾಮದ ಅರ್ಧದಷ್ಟನ್ನೂ ಯಾವ ಧಾರಾವಾಹಿಯೂ ಮಾಡಲಿಲ್ಲವೆಂದು ಹೇಳಿದರೆ ಧಾರಾವಾಹಿಪ್ರಿಯರು ಕ್ಷಮಿಸಬೇಕು.

ದಶಕದ ಅತ್ಯುತ್ತಮ ಕೃತಿ ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಗೃಹಭಂಗ’ದ ಹೆಸರನ್ನು ಹೇಳುತ್ತೇನೆ. ಎಸ್.ಎಲ್. ಭೈರಪ್ಪನವರ 1970ರ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಈಟಿವಿಗಾಗಿ ಧಾರಾವಾಹಿಯನ್ನಾಗಿ ಮಾಡಿದಾಗ, ನಂಜಮ್ಮನ ಪಾತ್ರವನ್ನು ಮಾಳವಿಕಾ ವಹಿಸಿದರು. ಶಾನುಭೋಗಿಕೆಯ ಲೆಕ್ಕವನ್ನು ಬರೆಯಲಾರದ ಗಂಡನ ಬದಲು ತಾನೇ ಕುಳಿತು ಲೆಕ್ಕ ಬರೆದು ಸಂಸಾರವನ್ನು ಸಾಗಿಸುವ, ಬಾಯಿಹರಕ ಅತ್ತೆಯ ಬೈಗುಳವನ್ನೂ ಪ್ಲೇಗಿನ ಹೊಡೆತವನ್ನೂ ಸಹಿಸುವ ಆ ಹೆಂಗಸು ತಿಪಟೂರು-ಚನ್ನರಾಯಪಟ್ಟಣಗಳ ಕಡೆಯವಳು. ಅವಳ ಮಾತಿನ ಧಾಟಿ ನಮ್ಮದಲ್ಲ, ಅವಳ ಊಟ ನಮ್ಮದಲ್ಲ. ಆದರೂ ಜೋಳದ ರೊಟ್ಟಿ ಬಡಿಯುವ ನಮ್ಮ ಹೆಂಗಸರು ಅವಳನ್ನು ಪರಸೀಮೆಯವಳೆಂದು ಎಣಿಸಲಿಲ್ಲ. ಇದಕ್ಕೆ ಕಾರಣ ಕಾಸರವಳ್ಳಿಯವರು ಆ ಪ್ರದೇಶದ ವಿವರಗಳನ್ನು ಅಳಿಸಿ ಎಲ್ಲರಿಗೂ ಸಲ್ಲುವ ಸಪ್ಪೆ ಹಳ್ಳಿಯೊಂದನ್ನು ಕಟ್ಟದೆ, ಆ ಊರನ್ನು ಆ ಊರಾಗಿಯೇ ಕಾಣಿಸಿದುದು. ಮೇಲಾಗಿ ಕಾದಂಬರಿಗೆ ಅಂತ್ಯವಿದ್ದುದರಿಂದ ಧಾರಾವಾಹಿಗೂ ಅಂತ್ಯವಿದ್ದಿತು. ನಂಜಮ್ಮ ಸಾಯಲೇಬೇಕಾಗಿತ್ತು, ಪ್ರಾಯೋಜಕರ ಪ್ರಾರ್ಥನೆಯಿಂದ ಅವಳು ಬದುಕುವಂತಿರಲಿಲ್ಲ.

ಇಷ್ಟು ಗುಣಗಳನ್ನು ಒಪ್ಪಿಕೊಂಡ ಬಳಿಕ ಆಕ್ಷೇಪಕ್ಕೆ ಮರಳಬೇಕು. ಈ ಸಂಪ್ರದಾಯದ ಪಡಸಾಲೆ ಹೆಚ್ಚುಕಡಮೆ ಯಾವಾಗಲೂ ಬೆಂಗಳೂರು-ಮೈಸೂರುಗಳ ಪಡಸಾಲೆ. ಅದರ ಕಿವಿ ಆ ಸೀಮೆಯ ವಿದ್ಯಾವಂತರ ಮಾತಿಗೆ ಹೊಂದಿಕೊಂಡ ಕಿವಿ. ನಮ್ಮ ಮಾತು ಅದರೊಳಗೆ ಪ್ರವೇಶಿಸಬೇಕಾದರೆ ಅಡಿಗೆಯವನ, ಕಾವಲುಗಾರನ, ಇಲ್ಲವೆ ನಗಿಸುವ ನೆಂಟನ ವೇಷದಲ್ಲಿ ಹಿಂಬಾಗಿಲಿನಿಂದ ಬರಬೇಕಾಗಿತ್ತು; ಅದೂ ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಮಾತುಗಳನ್ನು ಒಟ್ಟಿಗೆ ಕಲಸಿ, “ಏನಲೇ ಮಗನ” ಎಂಬಷ್ಟಕ್ಕೆ ಇಳಿಸಿದ ಒಂದು ಕೃತಕ ಭಾಷೆಯಲ್ಲಿ. ಪ್ರೀತಿ, ಶೋಕ, ವಿವೇಕ ಇವುಗಳನ್ನು ನುಡಿಯಲು ನಮ್ಮ ಭಾಷೆ ತಕ್ಕದ್ದಲ್ಲವೆಂಬ ಭಾವನೆ ನೋಡುಗರಲ್ಲಿಯೂ ಬೇರೂರಿತೆನ್ನಲು ಸಾಕ್ಷ್ಯವಿಷ್ಟೇ: ಆ ದಶಕದಲ್ಲಿ ಬೆಳೆದ ನಮ್ಮ ಹುಡುಗಿಯರು ಅವ್ವನೊಡನೆ ಒಂದು ಕನ್ನಡವನ್ನೂ, ನೆಂಟರ ಮುಂದೆ ಧಾರಾವಾಹಿಯ ಕನ್ನಡವನ್ನೂ ಆಡಲು ಕಲಿತರು. ಜೇಡರ ದಾಸಿಮಯ್ಯ ಹುಟ್ಟಿದ ಮುದನೂರು ಇರುವುದು ಪಕ್ಕದ ಸುರಪುರ ಸೀಮೆಯಲ್ಲಿ. ವಚನಕ್ಕೆ ಸಾಕಾದ ಮಣ್ಣಿನ ಮಾತು ಧಾರಾವಾಹಿಗೆ ಸಾಲದೆ ಹೋಯಿತು.

ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಈ ನಿಯಮಕ್ಕೆ ಅಪವಾದ. ಉತ್ತರ ಕರ್ನಾಟಕದ ಮನೆತನವೊಂದನ್ನು ಆ ಸೀಮೆಯ ಮಾತಿನಲ್ಲಿಯೇ, ಅಪಹಾಸ್ಯಕ್ಕೆ ಎಡೆಗೊಡದೆ ಚಿತ್ರಿಸಿದ ಆ ಕೃತಿಯಲ್ಲಿ ಮೊತ್ತಮೊದಲಿಗೆ ಹಿರಿಯರು ನಮ್ಮ ಹಿರಿಯರಂತೆ ನಿಟ್ಟುಸಿರು ಬಿಟ್ಟು, ತಾಯಂದಿರು ನಮ್ಮ ತಾಯಂದಿರಂತೆ ಮಕ್ಕಳನ್ನು ಗದರಿದರು. ಆ ಭಾಷೆ ಕೃಷ್ಣೆಯ ಆಚೆಯ ಕಡೆಗೆ ಹೆಚ್ಚು ವಾಲಿತ್ತು, ನಮ್ಮ ಸಗರನಾಡಿನ, ಉರ್ದು ಬೆರೆತ ಧಾಟಿ ಅಲ್ಲಿರಲಿಲ್ಲ ಎಂಬುದು ಸಣ್ಣ ದೂರು. ದೊಡ್ಡ ದೂರು ಅದು ಒಂಟಿಯಾಗಿ ಉಳಿದದ್ದರ ಕುರಿತು. ಜನರು ಮೆಚ್ಚಿದರು, ಹಾಗಿದ್ದೂ ಆ ದಾರಿಯಲ್ಲಿ ನಡೆದವರು ಕಡಿಮೆ.

ಕಾರಣವನ್ನು ಅಭಿರುಚಿಯಲ್ಲಿ ಹುಡುಕುವುದಕ್ಕಿಂತ ಲೆಕ್ಕದಲ್ಲಿ ಹುಡುಕುವುದು ಮೇಲು. ದಿನಕ್ಕೊಂದು ಕಂತನ್ನು ಒದಗಿಸಬೇಕಾದ ನಿರ್ಮಾಪಕನಿಗೆ ನಟರು, ಛಾಯಾಗ್ರಾಹಕರು, ಬಾಡಿಗೆಯ ಶೂಟಿಂಗ್ ಮನೆಗಳು ಎಲ್ಲವೂ ಬೆಂಗಳೂರಿನಲ್ಲಿಯೇ ದೊರೆಯಬೇಕು. ಜಾಹೀರಾತು ಕೊಡುವವನಿಗೆ ಕೊಳ್ಳುವ ಶಕ್ತಿಯುಳ್ಳ ನಗರದ ನೋಡುಗರು ಬೇಕು. ಪ್ರೇಕ್ಷಕರನ್ನು ಅಳೆಯುವ ಯಂತ್ರಗಳು ಸಂಜೆಯಾಗುತ್ತಲೇ ವಿದ್ಯುತ್ತು ಹೋಗುವ ಊರುಗಳ ಕಡೆಗೆ ಆಗ ಮುಖ ಮಾಡುತ್ತಿದ್ದುದು ವಿರಳ. ಇದರ ನಡುವೆ ನನಗೆ ಯಾವಾಗಲೂ ತಟ್ಟುವ ಸಂಗತಿಯೆಂದರೆ, ಮಳೆ ಕೈಕೊಟ್ಟ ವರ್ಷ ನಮ್ಮ ತಾಲೂಕುಗಳಿಂದ ಬೆಂಗಳೂರಿಗೆ ಗುಳೆ ಹೋಗುವವರು ಅಲ್ಲಿ ಮಾಡುವುದು ಹೆಚ್ಚಾಗಿ ಗೌಂಡಿ ಕೆಲಸ. ಧಾರಾವಾಹಿಯ ಶ್ರೀಮಂತರು ಮೆಟ್ಟಿಲಿಳಿದು ಬರುವಂತಹ ಮನೆಗಳಿಗೆ ಇಟ್ಟಿಗೆ ಹೊತ್ತವರು ಇವರು. ಆ ಮನೆಗಳೊಳಗೆ ನಡೆಯುವ ಕಥೆಯಲ್ಲಿ ಅವರಿಗೆ ಮಾತಿಲ್ಲ.

2022ರಲ್ಲಿ ಅದೇ ಮೂವರು ನಿರ್ದೇಶಕರು ಸಿರಿಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ವೆಂಬ ಹೆಸರಿನಿಂದ ಹಳೆಯ ಕಥೆಯನ್ನು ಮುಂದುವರಿಸಿದರು. ಕಾಲು ಶತಮಾನದ ತರುವಾಯವೂ ಜನರು ಆ ಪಾತ್ರಗಳ ಕುಶಲವನ್ನು ವಿಚಾರಿಸುತ್ತಾರೆಂಬುದು ಸಣ್ಣ ಗೌರವವಲ್ಲ. ಅದನ್ನು ಕಂಡು ನನಗೂ ಸಂತೋಷವಾಯಿತು. ಆದರೆ ವಾಗ್ವಾದದ ಆ ಘನತೆಯನ್ನು ಬಲ್ಲವರು ಮತ್ತೊಮ್ಮೆ ಅದೇ ಕುಟುಂಬಗಳ ಬಾಗಿಲನ್ನು ತಟ್ಟುವುದಕ್ಕೆ ಬದಲಾಗಿ, ಕಾಲುವೆಯ ಪರಿಹಾರಕ್ಕೆಂದು ಇಪ್ಪತ್ತು ವರ್ಷ ಅಲೆದು, ತಾರೀಖಿಗೆ ಬಾರದ ವಕೀಲನನ್ನೂ ಬೆಂಗಳೂರಿಗೆ ಗುಳೆ ಹೋದ ಮಗನನ್ನೂ ಒಟ್ಟಿಗೆ ಕಾಯುವ ಭೀಮರಾಯನಗುಡಿಯ ಕಡೆಯ ಒಬ್ಬ ಒಕ್ಕಲಿಗನನ್ನು ಕಟಕಟೆಯಲ್ಲಿ ನಿಲ್ಲಿಸಿ, ಅವನಿಗೆ ಅವನದೇ ಮಾತನ್ನು ಕೊಟ್ಟಿದ್ದರೆ, ನಾವು ಪುನಃ ಆಂಟೆನಾ ಏರಿಸಲೂ ಸಿದ್ಧರಿದ್ದೆವು.